ಕಟ್ಟಿದ ದೋಣಿ, ಸಾಗುವ ದೋಣಿ

ಇಂಗ್ಲೆಂಡಿನ ಒಳನಾಡು ಕಾಲುವೆಗಳ ದಡದಲ್ಲಿ ಕಟ್ಟಿನಿಂತ ದೋಣಿಗಳ ಕಿಟಕಿಯಲ್ಲಿ ಆಗಾಗ ಒಂದು ಕೈಬರಹದ ಹಲಗೆ ಕಾಣಿಸುವುದುಂಟು. ಅದರಲ್ಲಿರುವುದು ಒಂದೇ ಕೋರಿಕೆ: ನಿಧಾನವಾಗಿ ಹೋಗಿ. ಕೆಲವರು ಅದಕ್ಕೆ ‘ದಯವಿಟ್ಟು’ ಎಂಬ ಮಾತನ್ನು ಸೇರಿಸಿರುತ್ತಾರೆ. ಒಲೆಯ ಮೇಲಿನ ಹಾಲು ಮೂರು ನಾಲ್ಕು ಸಲ ಚೆಲ್ಲಿದ ಮೇಲೆ ಬರೆದವರು ಅದನ್ನು ಬಿಟ್ಟಿರುತ್ತಾರೆ. ಮೊದಲ ನೋಟಕ್ಕೆ ಈ ಕೋರಿಕೆ ವಿಚಿತ್ರವಾಗಿ ತೋರದೆ ಇರದು. ಏಕೆಂದರೆ ಆ ಕಾಲುವೆಗಳಲ್ಲಿ ಬಹುಪಾಲು ಕಡೆ ವೇಗದ ಮಿತಿಯೇ ಗಂಟೆಗೆ 4 ಮೈಲಿ. ದಡದ ಮೇಲೆ ಬಿರುಸಾಗಿ ನಡೆಯುವ ಮನುಷ್ಯನ ವೇಗವದು. ಅದಕ್ಕಿಂತಲೂ ನಿಧಾನವೆಂದರೆ ನಿಂತಂತೆಯೇ ಸರಿಯಲ್ಲವೆ ಎಂದು ಕೇಳಬಹುದು. ಈ ಪ್ರಶ್ನೆಯ ಉತ್ತರದಲ್ಲಿ ಕೊಂಚ ನೀರಿನ ಶಾಸ್ತ್ರವೂ ಬಹುಮಟ್ಟಿಗೆ ಸಮಾಜಶಾಸ್ತ್ರವೂ ಅಡಗಿರುವುದರಿಂದ ಅದನ್ನು ತುಸು ಸಾವಕಾಶವಾಗಿ ನೋಡುವುದು ಉಚಿತ.

ನಮ್ಮ ವಾಚಕರಿಗೆ ಕಾಲುವೆಯೆಂದೊಡನೆ ನೆನಪಾಗುವುದು ಗದ್ದೆಗೆ ಹರಿಯುವ ನೀರು. ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯದ ಕಬ್ಬಿಗೆ ಹೋಗುವುದೇ ಹೊರತು ಅದರ ಮೇಲೆ ಸರಕಿನ ದೋಣಿ ಸಾಗುವುದಿಲ್ಲ. ನಾವು ಇಲ್ಲಿ ಹೇಳುತ್ತಿರುವ ಕಾಲುವೆಗಳು ಬೇರೆ ಜಾತಿಯವು. ಅವನ್ನು ತೋಡಿದ್ದು ಕಲ್ಲಿದ್ದಲು, ಜೇಡಿ, ಕಬ್ಬಿಣ ಮೊದಲಾದ ಭಾರದ ಸರಕುಗಳನ್ನು ಸಾಗಿಸಲು. 1761ರಲ್ಲಿ ಬ್ರಿಡ್ಜ್‌ವಾಟರಿನ ಡ್ಯೂಕನ ಗಣಿಯ ಕಲ್ಲಿದ್ದಲು ವರ್ಸ್ಲಿಯಿಂದ ಮ್ಯಾಂಚೆಸ್ಟರಿನ ಕಡೆಗೆ ನೀರಿನ ಮೇಲೆ ಹೊರಟಿತು. ಊರಿನಲ್ಲಿ ಕಲ್ಲಿದ್ದಲಿನ ಬೆಲೆ ಇಳಿಯಿತು. ಅಲ್ಲಿಂದ ಮುಂದೆ ಬಂಡವಾಳವುಳ್ಳವರೆಲ್ಲ ಕಾಲುವೆ ತೋಡಿಸತೊಡಗಿದರು. ಆ ಕೆಲಸದ ಮುಂದಾಳು ಜೇಮ್ಸ್ ಬ್ರಿಂಡ್ಲಿಯು ತನ್ನ ಟ್ರೆಂಟ್ ಮತ್ತು ಮರ್ಸಿ ಕಾಲುವೆಯ ಲಾಕುಗಳನ್ನು, ಅಂದರೆ ದೋಣಿಯನ್ನು ಏರಿಸಿ ಇಳಿಸುವ ಬಾಗಿಲುಳ್ಳ ನೀರಿನ ಕೋಣೆಗಳನ್ನು, ಸುಮಾರು 72 ಅಡಿ ಉದ್ದ, 7 ಅಡಿ ಅಗಲವಾಗಿ ಕಟ್ಟಿಸಿದ. ಖರ್ಚು ಕಡಿಮೆಯಾಗಲೆಂದೂ ನೀರು ಉಳಿಯಲೆಂದೂ ಮಾಡಿದ ಈ ಲೆಕ್ಕಾಚಾರ ಇಂದಿಗೂ ಆ ದೇಶದ ದೋಣಿಗಳ ಹಣೆಬರಹವಾಗಿ ನಿಂತಿದೆ. ಎಪ್ಪತ್ತು ಅಡಿ ಉದ್ದವಿರಬಹುದಾದ ದೋಣಿ ಏಳು ಅಡಿಗೆ ಎರಡು ಅಂಗುಲ ಕಡಿಮೆ ಅಗಲವಾಗಿಯೇ ಇರಬೇಕು. ಇಂಥ ಓಣಿಯಂಥ ಮನೆಯಲ್ಲಿ ಈಗ ಸಾವಿರಾರು ಜನ ಸಂಸಾರ ಹೂಡಿದ್ದಾರೆ.

ಇನ್ನು ನೀರಿನ ಶಾಸ್ತ್ರ. ಆ ಕಾಲುವೆ ಆಳವಾದುದಲ್ಲ. ಅನೇಕ ಕಡೆ ಬಿದ್ದವನು ಎದ್ದು ನಿಂತರೆ ತಲೆ ಮೇಲಿರುತ್ತದೆ. ಅಂಥ ತೊಟ್ಟಿಯಲ್ಲಿ ಹದಿನೈದು ಇಪ್ಪತ್ತು ಟನ್ನು ತೂಗುವ ಉಕ್ಕಿನ ದೋಣಿ ಮುಂದೆ ಸರಿದಾಗ, ಅದು ಮುಂದಕ್ಕೆ ತಳ್ಳಿದ ನೀರು ಅದರ ಎರಡು ಪಕ್ಕಗಳಿಂದ ಹಿಂದಕ್ಕೆ ಹರಿದುಹೋಗಲೇಬೇಕು. ಹಾಗೆ ಹರಿಯುವಾಗ ಪಕ್ಕದ ನೀರಿನ ಮಟ್ಟ ಇಳಿಯುತ್ತದೆ. ದಡಕ್ಕೆ ಕಟ್ಟಿದ ದೋಣಿ ಮೊದಲು ಒಂದು ಕಡೆಗೆ ಎಳೆಯಲ್ಪಡುತ್ತದೆ, ಸಾಗುವ ದೋಣಿ ದಾಟಿದೊಡನೆ ಇನ್ನೊಂದು ಕಡೆಗೆ. ಹಗ್ಗ ಬಿಗಿಯುತ್ತದೆ, ಮತ್ತೆ ಸಡಿಲುತ್ತದೆ. ದಡದ ಮಣ್ಣು ಮೆದುವಾಗಿದ್ದರೆ ಅದರಲ್ಲಿ ಹೊಡೆದ ಕಬ್ಬಿಣದ ಗೂಟ ಪ್ರತಿಯೊಂದು ಎಳೆತಕ್ಕೂ ಒಂದೊಂದು ಎಳ್ಳಿನಷ್ಟು ಮೇಲೇಳುತ್ತದೆ. ಬೇಸಗೆಯ ಭಾನುವಾರ ಹಾಗೆ ಮೂವತ್ತು ನಾಲ್ವತ್ತು ದೋಣಿ ದಾಟಿಹೋದರೆ ಸಂಜೆಯ ಹೊತ್ತಿಗೆ ಗೂಟ ನೆಲದಲ್ಲಿರುವುದಿಲ್ಲ. ಮನೆಯೊಡೆಯ ಕೆಲಸದಿಂದ ಹಿಂತಿರುಗಿ ಬಂದಾಗ ಅವನ ಮನೆ ಎದುರು ದಡದಲ್ಲಿ ಅಡ್ಡಡ್ಡಲಾಗಿ ನಿಂತಿರುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಸಾಗುವವನಿಗೆ ಇದಾವುದೂ ಕಾಣುವುದಿಲ್ಲ. ಅವನು ದೋಣಿಯ ಹಿಂತುದಿಯಲ್ಲಿ ಮುಂದೆ ನೋಡುತ್ತ ನಿಂತಿರುತ್ತಾನೆ. ಅವನ ಅಲೆ ಬೆನ್ನ ಹಿಂದೆ ಕೆಲಸ ಮಾಡುತ್ತಿರುತ್ತದೆ. ದಡಕ್ಕೆ ಅಪ್ಪಳಿಸುವ ತೆರೆ ಏಳದಿದ್ದರೆ ತಾನು ತಪ್ಪು ಮಾಡಿಲ್ಲವೆಂದೇ ಅವನ ಭಾವನೆ. ಆದರೆ ತೆರೆಯಿಲ್ಲದೆಯೂ ಎಳೆತ ಇರುತ್ತದೆ. ಆದುದರಿಂದಲೇ, ಕಟ್ಟಿದ ದೋಣಿಗಳ ಸಾಲಿಗೆ ಬಂದ ಮೇಲೆ ವೇಗ ತಗ್ಗಿಸಿದರೆ ಸಾಲದು. ಸಾಲು ಇನ್ನೂ ನಾಲ್ಕಾರು ದೋಣಿಯುದ್ದ ದೂರವಿರುವಾಗಲೇ ಎಂಜಿನನ್ನು ಅತಿ ಮೆಲ್ಲನೆಯ ಓಟಕ್ಕೆ ಇಳಿಸಬೇಕು ಎಂಬ ಸಂಪ್ರದಾಯ ಹುಟ್ಟಿದ್ದು.

ನಮ್ಮ ಊರುಗಳ ರಥಬೀದಿಯಲ್ಲಿ ತೇರು ಸಾಗುವುದನ್ನು ನೋಡಿದವರಿಗೆ ಈ ಚಿತ್ರ ಹೊಸದಲ್ಲ. ಎರಡೂ ಕಡೆ ಮನೆಗಳ ಸೂರು ಚಾಚಿಕೊಂಡಿರುವಲ್ಲಿ ಗಾಲಿಗೆ ಮರದ ತಡೆ ಕೊಡುತ್ತ, ಗೇಣು ಗೇಣಾಗಿ ತೇರನ್ನು ನಡೆಸುತ್ತಾರೆ. ಹಾಗೆ ನಡೆಸುವವನು ಸೋಮಾರಿಯೆಂದು ಯಾರೂ ಹೇಳುವುದಿಲ್ಲ.

ನಿಧಾನವಾಗಿ ನಡೆಸುವುದು ಸುಲಭವೆಂದು ತಿಳಿಯುವುದೂ ತಪ್ಪು. ದೋಣಿಗೆ ಬ್ರೇಕಿಲ್ಲ, ಎಂಜಿನನ್ನು ಹಿಮ್ಮುಖವಾಗಿ ತಿರುಗಿಸಿದಾಗ ಅದು ಯೋಚಿಸಿಕೊಂಡು ನಿಲ್ಲುತ್ತದೆ. ಚುಕ್ಕಾಣಿ ತನ್ನ ಕೆಲಸ ಮಾಡುವುದು ಪ್ರೊಪೆಲರ್ ತಳ್ಳಿದ ನೀರಿನ ಬಲದಿಂದ. ವೇಗ ಇಳಿದಂತೆ ಆ ಬಲವೂ ಇಳಿಯುತ್ತದೆ. ಅಡ್ಡಗಾಳಿ ಬೀಸುವ ದಿನ, ಸೌಜನ್ಯದಿಂದ ಮೆಲ್ಲಗೆ ಹೋದವನ ಅರವತ್ತು ಅಡಿ ದೋಣಿ ಒಣಗಿದ ಎಲೆಯಂತೆ ಪಕ್ಕಕ್ಕೆ ಜಾರಿ, ಯಾರನ್ನು ಕಾಪಾಡಲೆಂದು ಅವನು ನಿಧಾನಿಸಿದನೋ ಅವರ ದೋಣಿಗೇ ಒರಗಿಬಿಡಬಹುದು. ಕಟ್ಟಿಕೊಂಡವನಿಗೂ ಕರ್ತವ್ಯಗಳುಂಟು. ಸಡಿಲವಾಗಿ ಕಟ್ಟಬಾರದು; ಮುಂದಕ್ಕೂ ಹಿಂದಕ್ಕೂ ಓರೆಯಾಗಿ ಹಗ್ಗ ಬಿಗಿದು ದೋಣಿ ಜೀಕದಂತೆ ನೋಡಿಕೊಳ್ಳಬೇಕು; ತಿರುವಿನಲ್ಲಿ, ಸೇತುವೆಯ ಬಾಯಲ್ಲಿ, ಲಾಕಿನ ಇಳಿದಾಣದಲ್ಲಿ ತಂಗಬಾರದು. ಹಗ್ಗವನ್ನು ತೊಟ್ಟಿಲ ಹಗ್ಗದಂತೆ ಇಳಿಬಿಟ್ಟು, ದಾಟುವವರ ಮೇಲೆಲ್ಲ ಕೂಗಾಡುವ ಮಹಾಶಯರೂ ಅಲ್ಲಿ ಇಲ್ಲದಿಲ್ಲ.

ಈ ನಿಧಾನವು ಕಾಲುವೆಗೆ ಹುಟ್ಟಿನಿಂದ ಬಂದ ಗುಣವೆಂದು ಭಾವುಕರು ಬರೆಯುವುದುಂಟು. ಅದು ನಿಜವಲ್ಲ. ಸರಕಿನ ದೋಣಿಯವನಿಗೆ ಕೂಲಿ ದೊರೆಯುತ್ತಿದ್ದುದು ಹೊತ್ತ ಭಾರಕ್ಕೆ, ಮುಗಿಸಿದ ಪಯಣಕ್ಕೆ. ನಿಂತ ಗಳಿಗೆಗೆ ಕಾಸು ಹುಟ್ಟುತ್ತಿರಲಿಲ್ಲ. ತುರ್ತು ಸರಕಿನ ದೋಣಿಗಳು ದಾರಿಯುದ್ದಕ್ಕೂ ಕುದುರೆ ಬದಲಾಯಿಸುತ್ತ ಹಗಲೂ ರಾತ್ರಿ ಓಡುತ್ತಿದ್ದವು. ಉಳಿದವರು ಅವಕ್ಕೆ ದಾರಿ ಬಿಡಬೇಕಾಗಿದ್ದಿತು. ರೈಲು ಬಂದು ಬಾಡಿಗೆ ಇಳಿದಾಗ, ಆಳಿನ ಕೂಲಿ ಉಳಿಸಲು ದೋಣಿಯವನು ಹೆಂಡತಿ ಮಕ್ಕಳನ್ನೇ ದೋಣಿಗೆ ಕರೆತಂದ. ಹತ್ತಡಿ ಉದ್ದವೂ ಇಲ್ಲದ ಹಿಂದಿನ ಗೂಡಿನಲ್ಲಿ ಒಲೆ, ಮಡಿಸುವ ಹಾಸಿಗೆ, ನಾಲ್ಕೈದು ಮಕ್ಕಳು. ಹೊರಗೆ ಬಾಗಿಲ ಮೇಲೆ ಗುಲಾಬಿ ಹೂಗಳ, ಕೋಟೆಗಳ ಬಣ್ಣದ ಚಿತ್ರ. ಆ ಚಿತ್ರಗಳನ್ನು ಇಂದು ಪ್ರವಾಸಿಗಳು ಕೊಂಡು ಒಯ್ಯುತ್ತಾರೆ. ಅವನ್ನು ಬರೆದವರ ಮಕ್ಕಳಿಗೆ ಓದು ಬರಹವಿರಲಿಲ್ಲ, ಏಕೆಂದರೆ ಶಾಲೆ ಒಂದೆಡೆ ನಿಂತಿರುತ್ತಿತ್ತು, ಮನೆ ನಿಲ್ಲುತ್ತಿರಲಿಲ್ಲ. ಜಾರ್ಜ್ ಸ್ಮಿತ್ ಎಂಬ ಸುಧಾರಕನ ಹೋರಾಟದಿಂದ 1877ರಲ್ಲಿಯೂ ಮತ್ತೆ 1884ರಲ್ಲಿಯೂ ಕಾಲುವೆ ದೋಣಿಗಳ ಕಾಯಿದೆ ಬಂದಿತು. ದೋಣಿಯ ನೋಂದಣಿ, ವಾಸದ ಇಕ್ಕಟ್ಟಿನ ಮಿತಿ, ಮಕ್ಕಳ ಶಿಕ್ಷಣ ಇವೆಲ್ಲ ಕಾನೂನಿನ ಪುಟಕ್ಕೆ ಸೇರಿದವು. ಶಾಲೆಯ ಸಮಸ್ಯೆ ಮಾತ್ರ ದೋಣಿಯಷ್ಟೇ ದೀರ್ಘವಾಗಿ ಉಳಿಯಿತು. ಇದನ್ನು ನಾವು ಒತ್ತಿ ಹೇಳಲು ಕಾರಣ ಮುಂದೆ ತಿಳಿಯುತ್ತದೆ.

1948ರ ಮೊದಲ ದಿನ ಕಾಲುವೆಗಳಲ್ಲಿ ಬಹುಪಾಲು ರಾಷ್ಟ್ರದ ಸ್ವತ್ತಾದವು. 1962–63ರ ಚಳಿಗಾಲದಲ್ಲಿ ನೀರು ವಾರಗಟ್ಟಲೆ ಹೆಪ್ಪುಗಟ್ಟಿ ಸರಕಿನ ದೋಣಿಗಳು ಇದ್ದಲ್ಲೇ ಸಿಕ್ಕಿಬಿದ್ದವು. ಮೊದಲೇ ಕ್ಷೀಣಿಸಿದ್ದ ಆ ವ್ಯಾಪಾರ ಅಲ್ಲಿಗೆ ಹೆಚ್ಚುಕಡಿಮೆ ಮುಗಿದಂತಾಯಿತು. ಅಷ್ಟರೊಳಗೆ ಬೇರೊಂದು ಬಗೆಯ ಜನ ಕಾಲುವೆಗೆ ಬಂದಿದ್ದರು. ಅವರಲ್ಲಿ ಮುಖ್ಯನಾದವನು ಎಲ್. ಟಿ. ಸಿ. ರೋಲ್ಟ್. ಎಂಜಿನಿಯರ್ ಆಗಿದ್ದ ಈತ ‘ಕ್ರೆಸಿ’ ಎಂಬ ಹಳೆಯ ದೋಣಿಯನ್ನು ಮನೆಯಾಗಿ ಮಾಡಿಕೊಂಡು 1939ರಲ್ಲಿ ಹೆಂಡತಿಯೊಡನೆ ಮಧ್ಯ ಇಂಗ್ಲೆಂಡಿನ ಕಾಲುವೆಗಳಲ್ಲಿ ಸಂಚರಿಸಿದ. ಆ ಪಯಣದ ಕಥನವಾದ ‘ನ್ಯಾರೋ ಬೋಟ್’ 1944ರಲ್ಲಿ, ಯುದ್ಧದ ಬೇಗೆಯ ನಡುವೆ ಪ್ರಕಟವಾಯಿತು; ಅನಿರೀಕ್ಷಿತವಾಗಿ ಜನಪ್ರಿಯವಾಯಿತು. ಅದನ್ನು ಓದಿದ ರಾಬರ್ಟ್ ಐಕ್‌ಮನ್ ಎಂಬಾತ 1945ರಲ್ಲಿ ರೋಲ್ಟನನ್ನು ಹುಡುಕಿಕೊಂಡು ಹೋದ. ಮರುವರ್ಷ ಇಬ್ಬರೂ ಸೇರಿ ಒಳನಾಡು ಜಲಮಾರ್ಗಗಳ ಸಂಘವನ್ನು ಕಟ್ಟಿದರು. 1947ರಲ್ಲಿ ರೋಲ್ಟ್ ಇನ್ನೊಂದು ಸಾಹಸ ಮಾಡಿದ. ಬರ್ಮಿಂಗ್‌ಹ್ಯಾಮಿನ ದಕ್ಷಿಣಕ್ಕೆ ಸ್ಟ್ರಾಟ್‌ಫರ್ಡ್ ಕಾಲುವೆಯ ಮೇಲಿನ ಒಂದು ಎತ್ತುಸೇತುವೆ ಏಳದಂತಾಗಿ ದಾರಿ ಮುಚ್ಚಿಹೋಗಿದ್ದಿತು. ಕಾಲುವೆಯಲ್ಲಿ ಸಂಚರಿಸುವುದು ಪ್ರಜೆಯ ಹಕ್ಕೆಂದು ಹೇಳಿ, ತಾನು ಇಂಥ ದಿನ ಆ ದಾರಿಯಲ್ಲಿ ಬರುವೆನೆಂದು ರೋಲ್ಟ್ ನೋಟಿಸು ಕೊಟ್ಟ. ಒಡೆತನದ ರೈಲ್ವೆ ಕಂಪೆನಿಯವರು ಜಾಕುಗಳನ್ನಿಟ್ಟು ಸೇತುವೆಯನ್ನೆತ್ತಿ ಕ್ರೆಸಿಗೆ ದಾರಿ ಕೊಡಬೇಕಾಯಿತು. ದೋಣಿ ಚಲಿಸಿದರೆ ಮಾತ್ರ ಹಕ್ಕು ಜೀವಂತವಾಗಿರುತ್ತದೆ ಎಂಬುದು ಅಂದಿನ ಪಾಠ.

ಆದರೆ ಸ್ವಾರಸ್ಯವಾದ ಇನ್ನೊಂದು ಸಂಗತಿಯಿದೆ. ಐಕ್‌ಮನ್ ಹುಡುಕಿಕೊಂಡು ಹೋದಾಗ ರೋಲ್ಟ್ ಸಿಕ್ಕಿದ್ದು ಎಲ್ಲಿ? ಟಾರ್ಡೆಬಿಗ್ ಎಂಬಲ್ಲಿ, ಲಾಕುಗಳ ಸಾಲಿನ ತುದಿಯಲ್ಲಿ ಕಟ್ಟಿನಿಂತ ದೋಣಿಯಲ್ಲಿ. ಯುದ್ಧಕಾಲದ ಉದ್ಯೋಗದ ನಿಮಿತ್ತ ಕ್ರೆಸಿ ಅಲ್ಲಿ ಸುಮಾರು ಐದು ವರ್ಷ ತಂಗಿತ್ತು. ಇಂಗ್ಲಿಷರಿಗೆ ಕಾಲುವೆಯ ಸಂಚಾರದ ಸೊಗಸನ್ನು ತಿಳಿಸಿಕೊಟ್ಟ ಪುಸ್ತಕದ ಕರ್ತೃ, ಆ ಪುಸ್ತಕ ಅಚ್ಚಾಗಿ ಹೊರಬಂದಾಗ, ಹಗ್ಗ ಕಟ್ಟಿ ಒಂದೇ ದಡದಲ್ಲಿ ಕುಳಿತಿದ್ದ. ಇದನ್ನು ನಾವು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಅಂದು ದಡಕ್ಕೆ ಬರವಿರಲಿಲ್ಲ.

ಇಂದು ಬರವಿದೆ. 2012ರಿಂದ ಇಂಗ್ಲೆಂಡು ಮತ್ತು ವೇಲ್ಸಿನ ಸುಮಾರು 2000 ಮೈಲಿ ಜಲಮಾರ್ಗಗಳ ಪಾಲನೆ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ಧರ್ಮಸಂಸ್ಥೆಯ ಕೈಯಲ್ಲಿದೆ. ಅದರ ನೀರಿನ ಮೇಲೆ ಮೂವತ್ತು ಸಾವಿರವನ್ನು ಮೀರಿದ ದೋಣಿಗಳಿವೆ. ಅವುಗಳಲ್ಲಿ ಸುಮಾರು ಐದರಲ್ಲೊಂದಕ್ಕೆ ತನ್ನದೆಂಬ ಕಟ್ಟುದಾಣವಿಲ್ಲ. ಲಂಡನ್ನಿನಲ್ಲಿ ಮನೆ ಬಾಡಿಗೆ ಕೈಗೆಟುಕದಂತಾದ ಮೇಲೆ, 2010ರ ನಂತರದ ವರ್ಷಗಳಲ್ಲಿ, ಇಂಥ ದೋಣಿಗಳ ಸಂಖ್ಯೆ ಅಲ್ಲಿ ಹಲವು ಪಟ್ಟು ಬೆಳೆಯಿತು. ಪ್ಯಾಡಿಂಗ್‌ಟನ್ನಿನಿಂದ ಲೈಮ್‌ಹೌಸಿನವರೆಗೆ 1820ರಲ್ಲಿ ಪೂರ್ತಿಯಾಗಿ ತೆರೆದ ರೀಜೆಂಟ್ಸ್ ಕಾಲುವೆಯ ಎಂಟೂವರೆ ಮೈಲಿಯಲ್ಲಿ ಈಗ ದಡ ಕಾಣುವುದು ಅಪರೂಪ. ಒಂದರ ಪಕ್ಕಕ್ಕೊಂದು ದೋಣಿ ಕಟ್ಟಿರುತ್ತಾರೆ. ಹೊರಗಿನವನು ಒಳಗಿನವನ ಮುಂಭಾಗ ತುಳಿದೇ ದಡ ಸೇರಬೇಕು. ಅಂಥ ಕಡೆ ಸಾಗುವವನಿಗೆ ಗಂಟೆಗೆ 2 ಮೈಲಿಯೂ ಹೆಚ್ಚಾಯಿತು. ಸಾಲು ಮುಗಿದಾಗ ವೇಗ ಹೆಚ್ಚಿಸಬಹುದೆಂದು ಕಾದರೆ ಸಾಲೇ ಮುಗಿಯುವುದಿಲ್ಲ. ರಜೆಗೆಂದು ಒಂದು ವಾರ ದೋಣಿ ಬಾಡಿಗೆ ಹಿಡಿದವನು ಗಡಿಯಾರ ನೋಡಿ ನಿಟ್ಟುಸಿರುಬಿಡುತ್ತಾನೆ. ಕಿಟಕಿಯ ಹಲಗೆಯವನು ಹೊರಗೆ ತಲೆ ಹಾಕಿ ಗದರುತ್ತಾನೆ. ಒಂದು ಕಾಲಕ್ಕೆ ಕೈ ಎತ್ತಿ ವಂದಿಸುವ ನೆಲೆಯಾಗಿದ್ದ ಜಾಗ ಜಗಳದ ನೆಲೆಯಾದುದು ಹೀಗೆ.

ಕಾನೂನಿನ ಮಾತೂ ಇದರೊಡನೆ ಹೆಣೆದುಕೊಂಡಿದೆ. 1995ರ ಬ್ರಿಟಿಷ್ ವಾಟರ್‌ವೇಸ್ ಕಾಯಿದೆಯಂತೆ, ಸ್ವಂತ ಕಟ್ಟುದಾಣವಿಲ್ಲದ ದೋಣಿಯವನು ಪ್ರಾಮಾಣಿಕವಾಗಿ ಸಂಚಾರಕ್ಕಾಗಿಯೇ ದೋಣಿಯನ್ನು ಬಳಸತಕ್ಕದ್ದು. ಒಂದೇ ಸ್ಥಳದಲ್ಲಿ ಸತತವಾಗಿ 14 ದಿನಕ್ಕಿಂತ ಹೆಚ್ಚು ನಿಲ್ಲತಕ್ಕದ್ದಲ್ಲ. ಸಂದರ್ಭಕ್ಕೆ ತಕ್ಕಂತೆ ಸಮಂಜಸವೆನಿಸಿದರೆ ಇನ್ನಷ್ಟು ಕಾಲ ನಿಲ್ಲಬಹುದು. ಎಷ್ಟು ದೂರ ಹೋಗಬೇಕೆಂದು ಕಾಯಿದೆ ಹೇಳುವುದಿಲ್ಲ. ‘ಸ್ಥಳ’ವೆಂದರೆ ಎಷ್ಟೆಂದೂ ಹೇಳುವುದಿಲ್ಲ. ಈ ಮೌನವನ್ನು ತುಂಬಲು ಟ್ರಸ್ಟು ತನ್ನ ಮಾರ್ಗಸೂಚಿಯಲ್ಲಿ, ವರ್ಷದ ಸಂಚಾರದ ಹರವು 20 ಮೈಲಿಗಿಂತ ಕಡಿಮೆಯಿದ್ದರೆ ತನಗೆ ತೃಪ್ತಿಯಾಗುವುದು ಕಷ್ಟವೆಂದು ತಿಳಿಸಿತು. ರಜೆಯ ಪ್ರವಾಸಿಗೆ ಇದು ಆಟ. ಆದರೆ ಆರು ವರ್ಷದ ಮಗುವನ್ನು ಶಾಲೆಗೆ ಸೇರಿಸಿದ ತಾಯಿಗೆ ಹದಿನಾಲ್ಕು ದಿನಕ್ಕೊಮ್ಮೆ ಮನೆಯನ್ನು ಎತ್ತಿಕೊಂಡು ಹೊರಡುವುದು, ಆದರೂ ಶಾಲೆಯಿಂದ ದೂರವಾಗದಿರುವುದು ಗಣಿತದ ಸಮಸ್ಯೆಯೇ ಸರಿ. ಜಾರ್ಜ್ ಸ್ಮಿತ್ತನ ಕಾಲದಲ್ಲಿ ಹೊಟ್ಟೆಪಾಡು ದೋಣಿಯನ್ನು ನಿಲ್ಲಗೊಡದೆ ಮಗುವನ್ನು ಶಾಲೆಯಿಂದ ದೂರವಿಟ್ಟಿತು. ಈಗ ಆ ಕೆಲಸವನ್ನು ಕಾಯಿದೆ ವಹಿಸಿಕೊಂಡಿದೆ.

ಹಾಗೆಂದು ಆ ಕಾಯಿದೆಯನ್ನು ಅಕಾರಣವೆಂದು ನಾವು ತಳ್ಳಿಹಾಕಲಾರೆವು. ದಡ ಎಲ್ಲರಿಗೂ ಸೇರಿದುದು. ಮೊದಲು ಬಂದವನು ಗೂಟ ಹೊಡೆದು ಕುಳಿತರೆ ಆಮೇಲೆ ಬಂದವನು ಕತ್ತಲಾದ ಮೇಲೆಯೂ ತಂಗುವ ಜಾಗ ಹುಡುಕುತ್ತ ಸಾಗಬೇಕಾಗುತ್ತದೆ. ಎಲ್ಲ ದೋಣಿಗಳೂ ನಿಂತುಬಿಟ್ಟರೆ ರೋಲ್ಟ್ ಗೆದ್ದುಕೊಟ್ಟ ಹಕ್ಕು ಹೂಳು ತುಂಬಿ ಮುಚ್ಚಿಹೋಗುತ್ತದೆ. ದಡದ ಮನೆಗಳವರು ದೋಣಿಯ ಒಲೆಯ ಹೊಗೆಯನ್ನೂ ಎಂಜಿನಿನ ಸದ್ದನ್ನೂ ಕುರಿತು ದೂರುವುದರಲ್ಲಿ ಸ್ವಲ್ಪ ನ್ಯಾಯವೂ ಇದೆ, ದಡದ ಮನೆಯ ಬೆಲೆ ಏರಿದುದು ಆ ದೋಣಿಗಳ ಚೆಲುವಿನಿಂದಲೂ ಹೌದೆಂಬ ಮರೆವೂ ಇದೆ.

ನಮಗೆ ಒಪ್ಪಿಗೆಯಾಗದಿರುವುದು ಬೇರೊಂದು. 2024ರ ಏಪ್ರಿಲಿನಿಂದ ಸ್ವಂತ ಕಟ್ಟುದಾಣವಿಲ್ಲದ ದೋಣಿಗಳ ಲೈಸೆನ್ಸಿನ ಮೇಲೆ ಹೆಚ್ಚುವರಿ ಶುಲ್ಕ ಬಂದಿದೆ. ನೂರಕ್ಕೆ 5ರಿಂದ ಆರಂಭಿಸಿ ವರ್ಷವರ್ಷವೂ ಏರಿಸುತ್ತ ಐದನೆಯ ವರ್ಷಕ್ಕೆ ನೂರಕ್ಕೆ 25 ಮಾಡುವುದೆಂದು ನಿಶ್ಚಯವಾಯಿತು. ಅಲೆದಾಡುವವರು ಕಾಲುವೆಯನ್ನು ಹೆಚ್ಚಾಗಿ ಬಳಸುತ್ತಾರೆ, ಆದುದರಿಂದ ಹೆಚ್ಚು ಕೊಡಲಿ ಎಂಬುದು ಟ್ರಸ್ಟಿನ ವಾದ. ಅದರ ಕಷ್ಟ ಸುಳ್ಳಲ್ಲ. 2027ರಿಂದ ಮುಂದಿನ ಹತ್ತು ವರ್ಷಗಳಲ್ಲಿ ಸರ್ಕಾರದ ಸಹಾಯಧನ ಕುಗ್ಗುವುದೆಂದು 2023ರಲ್ಲಿ ಘೋಷಣೆಯಾಯಿತು. ಇನ್ನೂರು ವರ್ಷಕ್ಕೂ ಹಳೆಯ ಏರಿಗಳಿಗೂ ಸುರಂಗಗಳಿಗೂ ಜಲಾಶಯಗಳಿಗೂ ದುರಸ್ತಿಯ ಹಣ ಎಲ್ಲಿಂದಲಾದರೂ ಬರಬೇಕು. 2025ರ ಬೇಸಗೆಯಲ್ಲಿ ಮಳೆಯಿಲ್ಲದೆ ಉತ್ತರದ ಹಲವು ಕಾಲುವೆಗಳನ್ನು ಮುಚ್ಚಬೇಕಾಗಿ ಬಂದಾಗ, ಈ ಜಾಲ ಎಷ್ಟು ತೆಳುವಾದ ನೀರಿನ ಮೇಲೆ ನಿಂತಿದೆಯೆಂದು ಎಲ್ಲರಿಗೂ ಗೊತ್ತಾಯಿತು. ಆದರೂ, ಲಂಡನ್ನಿನಂಥ ಕಡೆ ಕೊಳ್ಳಲು ಹೋದರೆ ಕಟ್ಟುದಾಣ ಸಿಕ್ಕುವುದೇ ದುರ್ಲಭ, ಸಿಕ್ಕರೆ ಬಡವನ ಕೈಗೆ ನಿಲುಕದ ಬೆಲೆ. ಇಲ್ಲದ್ದನ್ನು ಕೊಳ್ಳಲಿಲ್ಲವೆಂದು ತೆರಿಗೆ ಹಾಕುವುದು ಹಸಿದವನಿಗೆ ಉಪವಾಸದ ದಂಡ ವಿಧಿಸಿದಂತೆ. ಹಣ ಬೇಕಾದರೆ ದೋಣಿಯ ಉದ್ದಕ್ಕೂ ಅಗಲಕ್ಕೂ ತಕ್ಕಂತೆ ಎಲ್ಲರಿಂದಲೂ ಕೇಳಲಿ. ದಡ ಬೇಕಾದರೆ ಊರಹೊರಗಿನ ಪಾಳುದಡಗಳನ್ನು ಕಟ್ಟಿ, ನೀರಿನ ನಲ್ಲಿ, ಮಲವಿಲೇವಾರಿಯ ಏರ್ಪಾಟು ಒದಗಿಸಿ ಹೊಸ ತಂಗುದಾಣ ಮಾಡಲಿ. ‘ಸಂದರ್ಭಕ್ಕೆ ತಕ್ಕಂತೆ ಸಮಂಜಸ’ವೆಂದು ಕಾಯಿದೆ ತಾನೇ ತೆರೆದಿಟ್ಟ ಬಾಗಿಲಿನಿಂದ ಶಾಲೆಯ ಮಕ್ಕಳುಳ್ಳ ದೋಣಿಗಳನ್ನು ಧಾರಾಳವಾಗಿ ಒಳಕ್ಕೆ ಬಿಡಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ.

ದಾಟಿಹೋಗುವವರ ವಿಷಯದಲ್ಲಿಯೂ ನಮ್ಮ ಅಭಿಪ್ರಾಯ ಸ್ಪಷ್ಟ. ಕಟ್ಟಿದ ದೋಣಿಯ ಬಳಿ ಮೆಲ್ಲಗೆ ಹೋಗುವುದನ್ನು ಉಪಕಾರವೆಂದು ಎಣಿಸಬಾರದು. ಅದರೊಳಗೆ ಒಬ್ಬ ಮುದುಕಿ ಕುದಿವ ನೀರಿನ ಪಾತ್ರೆ ಇಳಿಸುತ್ತಿರಬಹುದು. ರಾತ್ರಿಪಾಳಿ ಮುಗಿಸಿ ಬಂದ ದಾದಿ ಮಲಗಿರಬಹುದು. ಆ ದೋಣಿ ಹದಿನಾಲ್ಕು ದಿನ ಮೀರಿ ನಿಂತಿದೆಯೋ ಇಲ್ಲವೋ ಎಂಬ ವಿಚಾರಣೆ ಚುಕ್ಕಾಣಿ ಹಿಡಿದವನದಲ್ಲ. ಅಪರಾಧಿಯ ಮನೆಯಲ್ಲಿಯೂ ಒಲೆಯ ಮೇಲಿನ ನೀರು ಅಷ್ಟೇ ಬಿಸಿಯಾಗಿರುತ್ತದೆ.

ಚಳಿಗಾಲದಲ್ಲಿ ಈ ಸಾಲುಗಳ ನಡುವೆ ಒಂದು ದೋಣಿ ಬರುತ್ತದೆ. ಕಲ್ಲಿದ್ದಲ ಮೂಟೆ, ಡೀಸೆಲ್, ಅನಿಲದ ಸಿಲಿಂಡರು ಹೊತ್ತ ಇಂಧನದ ದೋಣಿ. ಎಷ್ಟೋ ವೇಳೆ ಅದು ಹಿಂದಿನ ಸರಕಿನ ದೋಣಿಗಳಲ್ಲೇ ಉಳಿದುಕೊಂಡ ಒಂದು. ಅದು ತನ್ನ ಭಾರದಿಂದ ನೀರಿನಲ್ಲಿ ಆಳಕ್ಕೆ ಇಳಿದಿರುವುದರಿಂದ ಅದರ ಎಳೆತವೇ ಎಲ್ಲಕ್ಕಿಂತ ಬಲವಾದುದು. ಆದರೂ ಅದು ಬಂದುದು ಒಳಗಿರುವವರಿಗೆ ತಿಳಿಯುವುದು ಎಂಜಿನಿನ ಗುಡುಗಿನಿಂದಲೇ ಹೊರತು ದೋಣಿಯ ಅಲುಗಾಟದಿಂದಲ್ಲ. ಬಾಗಿಲು ತೆರೆಯುತ್ತದೆ, ಹಗ್ಗ ಕೈಬದಲಾಗುತ್ತದೆ, ಎರಡು ಮೂಟೆ ಛಾವಣಿಯ ಮೇಲೆ ಬೀಳುತ್ತದೆ, ಹವೆಯ ಮಾತು ನಾಲ್ಕು ಆಗುತ್ತದೆ. ಆಮೇಲೆ ಅದು ಮುಂದಿನ ದೋಣಿಯ ಕಡೆಗೆ ಸರಿಯುತ್ತದೆ.